ರೋಜಾ ಮೈಗೆ ಹತ್ತಬೇಕೆಂದರೆ ಇಫ್ತಾರ್ ಹೀಗಿರಲಿ

ರಂಜಾನ್ ಮುಗಿದ ವಾರಕ್ಕೆ ತೂಕದ ಯಂತ್ರ ಹತ್ತಿ, ‘ತಿಂಗಳಿಡೀ ರೋಜಾ ಹಿಡಿದರೂ ಎರಡು ಕೆಜಿ ಏರಿದ್ದು ಹೇಗೆ?’ ಎಂದು ಕೇಳುವವರು ಹಳೇ ಹುಬ್ಬಳ್ಳಿಯ ಯಾವ ಓಣಿಗೆ ಹೋದರೂ ಸಿಗುತ್ತಾರೆ. ಹಗಲಿಡೀ ಗಳಿಸಿದ್ದನ್ನು ಮಗ್ರಿಬ್ (ಸೂರ್ಯಾಸ್ತದ) ಅಜಾನ್ ಆದ ಮೇಲಿನ ಒಂದು ತಾಸಿನಲ್ಲಿ ಕಳೆದುಕೊಂಡವರು ಇವರು. ಹಾಗಾಗಿ ಈ ಲೇಖನದ ಬಹುಪಾಲು ಆ ಒಂದು ತಾಸಿನ ಬಗ್ಗೆಯೇ ಇದೆ.

ಮೊದಲು ಲಾಭದ ಲೆಕ್ಕ. ಫೆಬ್ರುವರಿ-ಮಾರ್ಚ್‌ನಲ್ಲಿ ನಮ್ಮ ಕಡೆ ರೋಜಾ ಸುಮಾರು 13 ತಾಸಿನದು. ಸೆಹ್ರಿಯಲ್ಲಿ (ರೋಜಾಕ್ಕೆ ಮುಂಚಿನ ನಸುಕಿನ ಊಟ) ಉಂಡದ್ದು ನಾಲ್ಕರಿಂದ ಆರು ತಾಸು ರಕ್ತಕ್ಕೆ ಸಕ್ಕರೆ ಒದಗಿಸುತ್ತದೆ. ಆಮೇಲೆ ಯಕೃತ್ತು ತನ್ನಲ್ಲಿ ಕೂಡಿಟ್ಟ ಗ್ಲೈಕೋಜೆನ್ ಬಿಚ್ಚುತ್ತದೆ. ಅದು ಇರುವುದೇ 100 ಗ್ರಾಂ ಆಸುಪಾಸು. ಅದು ಇಳಿಯುತ್ತ ಬಂದಂತೆ, ಅಂದರೆ ಹೆಚ್ಚು ಕಡಿಮೆ ಇಳಿಹೊತ್ತಿನ ಅಸರ್ ನಮಾಜಿನ ಹೊತ್ತಿನಿಂದ, ಮೈಯ ಕೊಬ್ಬು ಕರಗುವ ಪ್ರಮಾಣ ಏರುತ್ತದೆ. ಇನ್ಸುಲಿನ್ ಮಟ್ಟವೂ ಹಲವು ತಾಸು ಕೆಳಗೇ ಇರುತ್ತದೆ. ಸರಿಯಾಗಿ ಮಾಡಿದರೆ ತಿಂಗಳಿಗೆ ಒಂದು-ಒಂದೂವರೆ ಕೆಜಿ ಇಳಿಯಬಹುದು. ರಕ್ತದೊತ್ತಡವೂ ತುಸು ತಗ್ಗುತ್ತದೆ. ಲಂಡನ್ನಿನ ಮಸೀದಿಗಳಿಗೆ ಬರುವವರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೇಲಿನ ಬಿಪಿ ಸರಾಸರಿ 7 ಅಂಕಿ ಇಳಿದಿತ್ತು. ಸಿಗರೇಟು, ಗುಟ್ಕಾ ಹಗಲಿಡೀ ಬಾಯಿಗೆ ಹೋಗದಿರುವುದು ಇವೆಲ್ಲಕ್ಕಿಂತ ದೊಡ್ಡ ಲಾಭ. ಚಟ ಬಿಡಲು ಇಂಥ ತಿಂಗಳು ಮತ್ತೆ ಸಿಗುವುದಿಲ್ಲ.

ವಾಟ್ಸಾಪಿನಲ್ಲಿ ಸುತ್ತುವ ‘ಉಪವಾಸದಿಂದ ಕ್ಯಾನ್ಸರ್ ಮಾಯ, ಇದಕ್ಕೇ ನೊಬೆಲ್ ಬಂದಿದೆ’ ಎಂಬ ಸಂದೇಶವನ್ನು ಮುಂದಕ್ಕೆ ಕಳಿಸಬೇಡಿ. ಜಪಾನಿನ ಯೋಶಿನೋರಿ ಓಸುಮಿ ಅವರಿಗೆ 2016ರಲ್ಲಿ ನೊಬೆಲ್ ಬಂದದ್ದು ನಿಜ. ಅವರು ಕೆಲಸ ಮಾಡಿದ್ದು ಯೀಸ್ಟ್ ಕೋಶಗಳ ಮೇಲೆ, ಕೋಶ ತನ್ನೊಳಗಿನ ಕಸವನ್ನು ತಾನೇ ಅರಗಿಸಿಕೊಳ್ಳುವ ಬಗೆಯ ಮೇಲೆ. ರೋಜಾದಿಂದ ಕ್ಯಾನ್ಸರ್ ವಾಸಿಯಾಗುತ್ತದೆಂದು ಅವರು ಎಲ್ಲೂ ತೋರಿಸಿಲ್ಲ.

ತಿಂಗಳು ಶುರುವಾಗುವ ಮುಂಚೆ

ಮಾತ್ರೆ ನುಂಗುವವರು ಆರರಿಂದ ಎಂಟು ವಾರ ಮೊದಲೇ ಡಾಕ್ಟರ್ ಬಳಿ ಹೋಗಬೇಕು. ಚಂದ್ರ ಕಂಡ ರಾತ್ರಿ ಫೋನ್ ಮಾಡಿ ಕೇಳುವ ವಿಷಯ ಇದಲ್ಲ. ಮೆಟ್‌ಫಾರ್ಮಿನ್ ಒಂದನ್ನೇ ಮಧುಮೇಹಕ್ಕೆ ತೆಗೆದುಕೊಳ್ಳುವವರಿಗೆ ಸಾಮಾನ್ಯವಾಗಿ ಹೊತ್ತು ಬದಲಿಸಿದರೆ ಸಾಕಾಗುತ್ತದೆ: ದಿನಕ್ಕೆ ಒಂದಾದರೆ ಇಫ್ತಾರ್‌ಗೆ, ಎರಡಾದರೆ ಇಫ್ತಾರ್ ಮತ್ತು ಸೆಹ್ರಿಗೆ. ಗ್ಲಿಬೆನ್‌ಕ್ಲಮೈಡ್‌ನಂಥ ಹಳೇ ಮಧುಮೇಹದ ಮಾತ್ರೆ ಮಧ್ಯಾಹ್ನದ ಮೇಲೆ ಸಕ್ಕರೆಯನ್ನು ದಿಢೀರ್ ಇಳಿಸುತ್ತದೆ, ಅದನ್ನು ಬದಲಿಸಿಕೊಡಿ ಎಂದು ನೀವೇ ಬಾಯಿ ಬಿಟ್ಟು ಕೇಳಿ. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆಯನ್ನು ಸೆಹ್ರಿಗೆ ನುಂಗಿದರೆ ಹಗಲು ಬಾಯಾರಿಕೆ, ತಲೆಸುತ್ತು ಖಾತ್ರಿ. ಅದು ರಾತ್ರಿಗೆ ಹೋಗಬೇಕು. ಥೈರಾಯ್ಡ್ ಮಾತ್ರೆ ಸೆಹ್ರಿಗೆ ಅರ್ಧ ತಾಸು ಮುಂಚೆ, ಅಥವಾ ಕೊನೆಯ ಊಟವಾಗಿ ಮೂರು ತಾಸಿನ ನಂತರ ಮಲಗುವಾಗ. ಇವೆಲ್ಲ ಡಾಕ್ಟರ್ ಜೊತೆ ಮಾತಾಡುವಾಗ ನೆನಪಿರಲೆಂದು ಹೇಳಿದ್ದು. ಮಾತ್ರೆಯ ಪ್ರಮಾಣವನ್ನು ಮನೆಯಲ್ಲೇ ತಿದ್ದಬೇಡಿ. ಟೈಪ್ 1 ಮಧುಮೇಹದವರು, ಡಯಾಲಿಸಿಸ್‌ನಲ್ಲಿರುವವರು, ಇತ್ತೀಚೆಗೆ ಹೃದಯಾಘಾತವಾದವರು ರೋಜಾ ಹಿಡಿಯದಿರುವುದೇ ಸರಿ. ಕಾಯಿಲೆಯವರಿಗೆ ವಿನಾಯಿತಿ ಕುರ್‌ಆನ್‌ನಲ್ಲೇ ಇದೆ. ಮುಂದೆ ಗುಣವಾದರೆ ಖಜಾ (ಬಿಟ್ಟ ರೋಜಾವನ್ನು ಆಮೇಲೆ ಹಿಡಿಯುವುದು), ಗುಣವಾಗದ ಕಾಯಿಲೆಗೆ ಫಿದ್ಯಾ (ಬಿಟ್ಟ ಪ್ರತಿ ರೋಜಾಕ್ಕೆ ಬಡವರೊಬ್ಬರಿಗೆ ಊಟ). ಮನೆಯ ಹಿರಿಯರಿಗೆ ಇದನ್ನು ಮೊಮ್ಮಕ್ಕಳು ಹೇಳುವುದಕ್ಕಿಂತ ಮಸೀದಿಯ ಇಮಾಮರಿಂದ ಹೇಳಿಸಿದರೆ ಬೇಗ ಒಪ್ಪುತ್ತಾರೆ.

ದಿನಕ್ಕೆ ಆರೇಳು ಸಲ ಚಹಾ ಕುಡಿಯುವವರು ಒಂದು ವಾರ ಮೊದಲಿನಿಂದಲೇ ಎರಡಕ್ಕೆ ಇಳಿಸಿ. ಮೊದಲ ಮೂರು ರೋಜಾಗಳ ತಲೆನೋವು ಹೆಚ್ಚಾಗಿ ಹಸಿವಿನದ್ದಲ್ಲ, ಚಹಾದ್ದು.

ಇಫ್ತಾರ್: ಎಲ್ಲರೂ ಎಡವುವ ತಾಸು

ಅಜಾನ್ ಆಗುತ್ತಿದ್ದಂತೆ ಒಂದೋ ಮೂರೋ ಖಜೂರ. ಮಧುಮೇಹ ಇದ್ದವರಿಗೆ ಒಂದೇ. ಸಾಧಾರಣ ಗಾತ್ರದ ಮೂರು ಖಜೂರದಲ್ಲಿ 15-20 ಗ್ರಾಂ ಸಕ್ಕರೆ ಇರುತ್ತದೆ, ಮಿದುಳಿಗೆ ‘ಊಟ ಬಂತು’ ಎಂದು ಸುದ್ದಿ ಮುಟ್ಟಿಸಲು ಅಷ್ಟು ಧಾರಾಳ. ಶಾ ಬಜಾರಿನಲ್ಲಿ ಕೊಳ್ಳುವಾಗ ಕೈಗೆ ಅಂಟುವಷ್ಟು ಮಿರುಗುವ ಅಗ್ಗದ ಖಜೂರ ಬಿಡಿ. ಡಬ್ಬಿಯ ಹಿಂದೆ ‘ಗ್ಲುಕೋಸ್ ಸಿರಪ್’ ಎಂದು ಬರೆದಿದ್ದರೆ ಹಣ್ಣಿಗೆ ಸಕ್ಕರೆ ಪಾಕ ಸವರಿದ್ದಾರೆಂದೇ ಅರ್ಥ. ಸಿಪ್ಪೆ ತುಸು ಸುಕ್ಕುಗಟ್ಟಿದ, ಮೇಲೆ ಹೊಳಪಿಲ್ಲದ ಹಣ್ಣೇ ಒಳ್ಳೆಯದು.

ಖಜೂರದ ಬೆನ್ನಿಗೆ ಒಂದು ಲೋಟ, 200 ಮಿಲಿ ನೀರು. ಫ್ರಿಜ್ಜಿನದು ಬೇಡ, ಗಡಿಗೆಯದು ಸಾಕು. ಗಟಗಟ ಕುಡಿಯಬೇಡಿ. ಬರಿದಾದ ಹೊಟ್ಟೆಗೆ ಒಂದೇ ಉಸಿರಿಗೆ ಅರ್ಧ ಲೀಟರ್ ಐಸ್ ನೀರು ಸುರಿದರೆ ಹೊಟ್ಟೆ ಹಿಡಿದುಕೊಳ್ಳುತ್ತದೆ, ಊಟಕ್ಕೆ ಜಾಗವೂ ಉಳಿಯುವುದಿಲ್ಲ.

ಹೆಚ್ಚಿನವರು ಜಾರುವುದು ಇಲ್ಲೇ: ಕೆಂಪು ಶರಬತ್ತು. ಗುಲಾಬಿ ಸಿರಪ್ಪಿನ ಯಾವ ಬಾಟಲಿಯನ್ನಾದರೂ ತಿರುಗಿಸಿ ನೋಡಿ, ಪಟ್ಟಿಯಲ್ಲಿ ಮೊದಲ ಹೆಸರು ಸಕ್ಕರೆಯದೇ. ಎರಡು ದೊಡ್ಡ ಚಮಚಕ್ಕೆ ನಿಲ್ಲಿಸುವವರು ಯಾರು? ಕೈ ತಾನಾಗಿ ನಾಲ್ಕು ಸುರಿಯುತ್ತದೆ, ಮೇಲೆ ಹಾಲು, ಅದಕ್ಕೂ ಸಕ್ಕರೆ. ಹದಿಮೂರು ತಾಸು ಖಾಲಿ ಇದ್ದ ಮೈಗೆ ಇದು ಬಿದ್ದರೆ ರಕ್ತದ ಸಕ್ಕರೆ ಸರ್ರನೆ ಏರುತ್ತದೆ, ಇನ್ಸುಲಿನ್ ಅದರ ಬೆನ್ನು ಹತ್ತುತ್ತದೆ, ತರಾವೀಹ್ (ರಂಜಾನ್ ರಾತ್ರಿಯ ದೀರ್ಘ ನಮಾಜು) ಹೊತ್ತಿಗೆ ಕಣ್ಣು ಎಳೆಯುತ್ತದೆ. ಬದಲಿಗೆ ಒಂದು ಚಮಚ ಸಬ್ಜಾ ಬೀಜವನ್ನು 15 ನಿಮಿಷ ನೀರಲ್ಲಿ ನೆನೆಸಿ, ನಿಂಬೆ ಹಿಂಡಿ, ಚಿಟಿಕೆ ಉಪ್ಪು ಹಾಕಿ. ಬೀಜ ಪೂರ್ತಿ ಅರಳಿ ಲೋಳೆ ಬಿಟ್ಟಿರಬೇಕು. ಒಣಗಿದ್ದನ್ನು ಹಾಗೇ ಬಾಯಿಗೆ ಹಾಕಿಕೊಂಡರೆ ಗಂಟಲಲ್ಲೇ ಉಬ್ಬಿ ಸಿಕ್ಕಿಕೊಳ್ಳುತ್ತದೆ, ಮಕ್ಕಳು-ಮುದುಕರಿಗೆ ಅಪಾಯ. ಇಷ್ಟೂ ಬೇಡವೆನಿಸಿದರೆ ನೀರು ಮಜ್ಜಿಗೆ ಇದ್ದೇ ಇದೆ.

ನೀರಾದ ಮೇಲೆ ಒಂದು ಬಟ್ಟಲು ಬಿಸಿ ಗಂಜಿ. ನಾಲ್ಕು ಜನಕ್ಕೆ ಅಳತೆ: ಅರ್ಧ ಕಪ್ ನುಚ್ಚಕ್ಕಿ, ಕಾಲು ಕಪ್ ಹೆಸರುಬೇಳೆ, ಅರ್ಧ ಚಮಚ ಮೆಂತ್ಯ, ಜಜ್ಜಿದ ಬೆಳ್ಳುಳ್ಳಿ ಆರು ಎಸಳು, ಬೆರಳುದ್ದ ಶುಂಠಿ, ಜೀರಿಗೆ, ಅರಿಸಿನ, ಒಂದು ಚಮಚ ಉಪ್ಪು, ಆರು ಕಪ್ ನೀರು. ಕುಕ್ಕರಿನಲ್ಲಿ ನಾಲ್ಕು ಸೀಟಿ. ಮೆಂತ್ಯ ಒಂದು ಚಮಚಕ್ಕೆ ಏರಿತೋ, ಕಹಿಯಾಗಿ ಮಕ್ಕಳು ಮುಟ್ಟುವುದಿಲ್ಲ. ಗಂಜಿ ಅಸರ್‌ಗೇ ಮಾಡಿಟ್ಟರೆ ಇಫ್ತಾರ್ ಹೊತ್ತಿಗೆ ಬಿಸಿಬೇಳೆಭಾತಿನಂತೆ ಗಟ್ಟಿಯಾಗಿರುತ್ತದೆ. ಆಗ ತಣ್ಣೀರು ಸುರಿಯಬೇಡಿ, ಕುದಿಯುವ ನೀರು ಎರಡು ಕಪ್ ಹಾಕಿ ಮತ್ತೊಂದು ಕುದಿ ಬರಿಸಿ. ಅಕ್ಕಿಯ ಬದಲು ಜೋಳದ ನುಚ್ಚು ಹಾಕಿದರೆ ಇನ್ನೂ ಒಳ್ಳೆಯದು, ಆದರೆ ಅದನ್ನು ಮೂರು ತಾಸು ನೆನೆಸದೆ ಹೋದರೆ ಎಂಟು ಸೀಟಿಗೂ ಬೇಯುವುದಿಲ್ಲ. ಅಂಗಡಿಯ ‘ಇನ್‌ಸ್ಟಂಟ್ ಸೂಪ್’ ಪೊಟ್ಟಣ ಗಂಜಿಗೆ ಸಾಟಿಯಲ್ಲ, ಅದರ ತುಂಬ ಉಪ್ಪು.

ಈಗ ಎದ್ದು ಮಗ್ರಿಬ್ ನಮಾಜಿಗೆ ಹೋಗಿ. ಇದು ಆರೋಗ್ಯದ ಲೆಕ್ಕದಲ್ಲೂ ಬಲು ಬೆಲೆಯ ಹತ್ತು-ಹದಿನೈದು ನಿಮಿಷ. ಹೊಟ್ಟೆ ತುಂಬಿದ ಸುದ್ದಿ ಮಿದುಳಿಗೆ ತಲುಪಲು ಸುಮಾರು 20 ನಿಮಿಷ ಬೇಕು. ಅಷ್ಟರೊಳಗೆ ತಟ್ಟೆಯಲ್ಲಿದ್ದದ್ದೆಲ್ಲ ಖಾಲಿ ಮಾಡಿದವರಿಗೆ ಆ ಸುದ್ದಿ ತಡವಾಗಿ ಬರುತ್ತದೆ, ಉಬ್ಬರದ ರೂಪದಲ್ಲಿ.

ಇನ್ನು ಮಿರ್ಚಿ, ಸಮೋಸಾ. ದುರ್ಗದಬೈಲಿನ ಊರಲ್ಲಿ ಮಿರ್ಚಿ ಬೇಡವೆಂದರೆ ಯಾರು ಕೇಳುತ್ತಾರೆ? ಹಾಗಾಗಿ ಬೇಡವೆನ್ನುವುದಿಲ್ಲ, ಖಾಲಿ ಹೊಟ್ಟೆಗೆ ಬೇಡ, ನಮಾಜಿಗೆ ಮುಂಚೆ ಬೇಡ. ಕಾರಣ ಸರಳ. ಎಣ್ಣೆ ಹೊಟ್ಟೆಯಿಂದ ಕೆಳಗಿಳಿಯುವುದು ನಿಧಾನ. ಜೊತೆಗೆ ಅದು ಅನ್ನನಾಳದ ಬುಡದ ಬಿಗಿಯನ್ನು ಸಡಿಲಿಸುತ್ತದೆ. ಆ ಸ್ಥಿತಿಯಲ್ಲಿ ಸಜ್ದಾಕ್ಕೆ ಬಾಗಿ ಹಣೆ ನೆಲಕ್ಕೆ ಮುಟ್ಟಿಸಿದಾಗ ಹೊಟ್ಟೆ ಎದೆಗಿಂತ ಮೇಲಾಗುತ್ತದೆ, ಹುಳಿನೀರು ಗಂಟಲಿಗೆ ಬರುತ್ತದೆ. ‘ರಂಜಾನ್‌ನಲ್ಲಿ ನನಗೆ ಆಸಿಡಿಟಿ’ ಎಂದು ಗುಳಿಗೆ ಹುಡುಕುವವರು ಮೊದಲು ಈ ಅದಲು-ಬದಲು ಮಾಡಿ ನೋಡಲಿ. ತಿನ್ನಲೇಬೇಕೆಂದರೆ ಊಟದ ಜೊತೆ ಒಂದು, ವಾರಕ್ಕೆ ಎರಡು ದಿನ. ದೊಡ್ಡ ಸಮೋಸಾ ಒಂದಕ್ಕೆ 250 ಕ್ಯಾಲೊರಿ ಆಸುಪಾಸು ಎಂಬುದು ನೆನಪಿರಲಿ. ಕರಿಯುವ ಎಣ್ಣೆ ಕಪ್ಪಾಗಿ, ನೊರೆಗಟ್ಟಿ, ಬೇಗ ಹೊಗೆಯಾಡುತ್ತಿದ್ದರೆ ಆ ಅಂಗಡಿಗೆ ಕೈ ಮುಗಿದು ಮುಂದೆ ನಡೆಯಿರಿ. ಕೆಟ್ಟ ಎಣ್ಣೆಗೆ 2018ರಿಂದ ಕಾನೂನಿನ ಮಿತಿ ಇದೆ, ಒಟ್ಟು ಪೋಲಾರ್ ಸಂಯುಕ್ತ (ಎಣ್ಣೆ ಮತ್ತೆ ಮತ್ತೆ ಕಾದಾಗ ಹುಟ್ಟುವ ಕೆಟ್ಟ ಅಂಶ) ಶೇ 25 ದಾಟಬಾರದೆಂದು. ಅದನ್ನು ಬೀದಿಯಲ್ಲಿ ಅಳೆಯುವವರು ಯಾರೂ ಇಲ್ಲ, ನಿಮ್ಮ ಕಣ್ಣೇ ಅಳತೆಗೋಲು. ಏರ್‌ಫ್ರೈಯರ್ ಕೊಂಡವರು ಬೀಗಬೇಕಿಲ್ಲ: ಎಣ್ಣೆ ಉಳಿಯಿತು, ಮೈದಾ ಹಾಗೇ ಇದೆ.

ನಮಾಜಿನಿಂದ ಬಂದ ಮೇಲೆ ಊಟ. ಅರ್ಧ ತಟ್ಟೆ ಪಲ್ಯ-ಪಚಡಿ (ಪುಂಡಿಪಲ್ಯ, ಮೆಂತ್ಯ, ಸೌತೆ, ಗಜ್ಜರಿ), ಕಾಲು ಭಾಗ ಕಾಳು, ಕೋಳಿ ಅಥವಾ ಮೀನು, ಉಳಿದ ಕಾಲು ರೊಟ್ಟಿ ಇಲ್ಲವೇ ಅನ್ನ. ಬಿರಿಯಾನಿ ಶುಕ್ರವಾರಕ್ಕಿರಲಿ. ಊಟವಾದ ಕೂಡಲೇ ಚಹಾ ಬೇಡ, ಉಂಡದ್ದರಲ್ಲಿನ ಕಬ್ಬಿಣದಂಶ ಮೈಗೆ ಸೇರುವುದಕ್ಕೆ ಅದು ಅಡ್ಡಿ; ರಕ್ತಹೀನತೆಯ ಹೆಣ್ಣುಮಕ್ಕಳು ಇದನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು. ಒಂದು ತಾಸು ಬಿಟ್ಟು ಕುಡಿಯಿರಿ.

ರಾತ್ರಿಯ ನೀರು

ಎರಡರಿಂದ ಎರಡೂವರೆ ಲೀಟರ್ ಬೇಕು, ಹಂಚಿ ಕುಡಿಯಬೇಕು. ಸೆಹ್ರಿ ಮುಗಿಯಲು ಐದು ನಿಮಿಷ ಇರುವಾಗ ಒಂದು ಲೀಟರ್ ಬಾಟಲಿ ಎತ್ತಿ ಮುಗಿಸುವವರು ಆ ನೀರನ್ನು ಮೈಯಲ್ಲಿ ಕೂಡಿಡುತ್ತಿಲ್ಲ, ಎರಡು ತಾಸಿನೊಳಗೆ ಶೌಚಾಲಯಕ್ಕೆ ಕೊಡುತ್ತಿದ್ದಾರೆ. ಇಫ್ತಾರ್‌ಗೆ ಎರಡು ಲೋಟ, ಆಮೇಲೆ ಮಲಗುವವರೆಗೆ ತಾಸಿಗೊಂದು, ಸೆಹ್ರಿಗೆ ಎರಡು. ತರಾವೀಹ್‌ನಲ್ಲಿ ನಾಲ್ಕು ರಕಾತ್‌ಗೊಮ್ಮೆ (ನಮಾಜಿನ ಒಂದು ಆವೃತ್ತಿಗೆ ರಕಾತ್ ಎನ್ನುತ್ತಾರೆ) ತುಸು ವಿರಾಮ ಇರುತ್ತದೆ; ಪಕ್ಕದಲ್ಲೊಂದು ಬಾಟಲಿ ಇಟ್ಟುಕೊಂಡು ಆಗ ಅರ್ಧರ್ಧ ಲೋಟ ಕುಡಿದರೆ ಲೆಕ್ಕ ತಾನೇ ಕೂಡುತ್ತದೆ. ಬೆಳಗಿನ ಮೂತ್ರ ತಿಳಿ ಹಳದಿಯಾಗಿದ್ದರೆ ಸಾಕಾಗಿದೆ. ಗಾಢವಾಗಿದ್ದರೆ ರಾತ್ರಿ ಕಡಿಮೆ ಬಿದ್ದಿದೆ.

ಓಆರ್‌ಎಸ್ ದಿನಾ ಬೇಕಿಲ್ಲ. ಅಮರಗೋಳ ಎಪಿಎಂಸಿಯಲ್ಲಿ ಚೀಲ ಹೊರುವವರು, ಬಿಸಿಲಲ್ಲಿ ಗೌಂಡಿ ಕೆಲಸ ಮಾಡುವವರು ರಾತ್ರಿ ಒಂದು ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೆ ಕಲಸಿ ಕುಡಿಯಬಹುದು. ಅರ್ಧ ಪೊಟ್ಟಣ ಲೋಟಕ್ಕೆ ಹಾಕುವ ಅಂದಾಜಿನ ಆಟ ಬೇಡ. ಬಿಪಿ ಇದ್ದವರಿಗೆ ಇದು ನಿತ್ಯದ ಪಾನೀಯವಲ್ಲ, ಲೀಟರಿಗೆ 2.6 ಗ್ರಾಂ ಉಪ್ಪಿರುತ್ತದೆ. ಸಿಹಿ ಹಣ್ಣಿನ ಪೇಯಗಳಿಗೆ ‘ಓಆರ್‌ಎಸ್’ ಹೆಸರು ಅಂಟಿಸಿ ಮಾರುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ನಿಷೇಧಿಸಿದೆ. ಹಳೇ ದಾಸ್ತಾನು ಕಂಡರೆ ಕೊಳ್ಳಬೇಡಿ.

ಸೆಹ್ರಿ

ಬಿಡಬೇಡಿ. ರಾತ್ರಿ ಹತ್ತಕ್ಕೆ ಉಂಡು ಮಲಗಿ ಸೆಹ್ರಿ ತಪ್ಪಿಸಿದರೆ ಉಪವಾಸ 20 ತಾಸಾಗುತ್ತದೆ. ಲಾಭ ಹೆಚ್ಚುವುದಿಲ್ಲ, ತಲೆನೋವು ಹೆಚ್ಚುತ್ತದೆ, ಸಂಜೆ ತಟ್ಟೆ ದುಪ್ಪಟ್ಟಾಗುತ್ತದೆ. ಸೆಹ್ರಿಯನ್ನು ಕೊನೆಯ ಹೊತ್ತಿಗೆ ಹತ್ತಿರ ಮಾಡುವ ರೂಢಿಯೇ ಸರಿ.

ಎರಡು ಜೋಳದ ರೊಟ್ಟಿ, ಮಡಿಕೆಕಾಳು ಇಲ್ಲವೇ ಹೆಸರುಕಾಳಿನ ಪಲ್ಯ, ಒಂದು ಬಟ್ಟಲು ಮೊಸರು, ಮೊಟ್ಟೆ, ಬಾಳೆಹಣ್ಣು. ನಸುಕಿನಲ್ಲಿ ರೊಟ್ಟಿ ಬಡಿಯಲು ಆಗದಿದ್ದರೆ ಕಡಕ್ ರೊಟ್ಟಿ ಮೊಸರಲ್ಲಿ ಮುರಿದು ಹಾಕಿ, ಹತ್ತು ನಿಮಿಷದಲ್ಲಿ ಮೆತ್ತಗಾಗುತ್ತದೆ. ಇದು ಒಪ್ಪತಕ್ಕ ಅಡ್ಡದಾರಿ. ಹಾಲಿನಲ್ಲಿ ಅದ್ದಿದ ಫೇಣಿ, ಬ್ರೆಡ್-ಜಾಮ್ ಒಪ್ಪತಕ್ಕದ್ದಲ್ಲ, ಹತ್ತು ಗಂಟೆಗೇ ಹಸಿವು. ಸವಣೂರ ಖಾರಾ, ಉಪ್ಪಿನಕಾಯಿ, ಹಪ್ಪಳ ಸೆಹ್ರಿ ತಟ್ಟೆಗೆ ಬಂದರೆ ಮಧ್ಯಾಹ್ನ ನಾಲಗೆ ಅಂಗುಳಕ್ಕೆ ಅಂಟುತ್ತದೆ. ಉಂಡು ತಕ್ಷಣ ಮಲಗದೆ ನಸುಕಿನ ಫಜ್ರ್ ನಮಾಜು ಮುಗಿಸಿ ತುಸು ಅಡ್ಡಾಡಿ. ಎದೆಯುರಿ ಇದ್ದವರು ಮಂಚದ ತಲೆ ಕಡೆಯ ಕಾಲುಗಳ ಕೆಳಗೆ ಆರಿಂಚು ದಪ್ಪದ ಹಲಗೆ ಇಡಲಿ, ದಿಂಬು ಏರಿಸಿದರೆ ಕುತ್ತಿಗೆ ನೋಯುತ್ತದೆಯೇ ಹೊರತು ಉರಿ ಇಳಿಯದು.

ಯಾವಾಗ ಬಿಡಬೇಕು

ಮಧುಮೇಹಿಗಳು ಹಗಲು ಬೆರಳು ಚುಚ್ಚಿ ಸಕ್ಕರೆ ನೋಡಿಕೊಂಡರೆ ರೋಜಾ ಮುರಿಯುವುದಿಲ್ಲ ಎಂಬುದು ಬಹುತೇಕ ಉಲೇಮಾಗಳ (ಧರ್ಮ ವಿದ್ವಾಂಸರ) ಅಭಿಪ್ರಾಯ. ಸಕ್ಕರೆ 70ರ ಕೆಳಗೆ ಇಳಿದರೆ ಅಥವಾ 300 ದಾಟಿದರೆ ಅಲ್ಲೇ ಬಿಡಬೇಕು. ಇಫ್ತಾರ್‌ಗೆ ಹತ್ತೇ ನಿಮಿಷ ಇದ್ದರೂ ಬಿಡಬೇಕು. ‘ಇನ್ನೇನು ಅಜಾನ್ ಆಗುತ್ತದೆ’ ಎಂದು ಕಾಯುವಾಗಲೇ ಜನ ಪ್ರಜ್ಞೆ ತಪ್ಪುವುದು. ಕೈ ನಡುಕ, ತಣ್ಣನೆ ಬೆವರು, ಮಾತು ತೊದಲುವುದು, ಎದೆನೋವು, ಎಂಟು ತಾಸಿನಿಂದ ಮೂತ್ರವೇ ಬಾರದಿರುವುದು ಯಾರಿಗಾದರೂ ನಿಲ್ಲಿಸುವ ಸೂಚನೆ. ಗರ್ಭಿಣಿಗೆ ಮಗುವಿನ ಅಲುಗಾಟ ಕಡಿಮೆ ಎನಿಸಿದರೆ ರೋಜಾ ಬಿಟ್ಟು ನೇರ ಆಸ್ಪತ್ರೆಗೆ.

ಈದ್ ದಿನ ಎರಡು ತಪ್ಪು ಆಗುತ್ತವೆ. ಬೆಳಗಿನಿಂದ ಮನೆ ಮನೆಗೂ ಹೋಗಿ ಶೀರ್‌ಖುರ್ಮಾ ಕುಡಿಯುವುದು ಒಂದು. ಎಲ್ಲ ಕಡೆ ಎರಡು ಚಮಚಕ್ಕೆ ನಿಲ್ಲಿಸಿ, ಒಂದೇ ಮನೆಯಲ್ಲಿ ಪೂರ್ತಿ ಬಟ್ಟಲು ತೆಗೆದುಕೊಳ್ಳಿ. ಇನ್ನೊಂದು ಹೆಚ್ಚು ಅಪಾಯದ್ದು: ಮಾತ್ರೆಗಳನ್ನು ಅಂದೇ ಹಳೇ ಹೊತ್ತಿಗೆ ತಿರುಗಿಸುವುದು. ಹಿಂದಿನ ರಾತ್ರಿ ಇಫ್ತಾರ್‌ಗೆ ನುಂಗಿದ ದೊಡ್ಡ ಡೋಸ್ ಇನ್ನೂ ಮೈಯಲ್ಲಿರುವಾಗ ಬೆಳಿಗ್ಗೆ ಮತ್ತೊಂದು ಬಿದ್ದರೆ ಸಕ್ಕರೆ ಕುಸಿಯಬಹುದು. ಈದ್ ಬೆಳಗಿನ ಮಾತ್ರೆ ಯಾವುದು, ಎಷ್ಟು ಎಂದು ರಂಜಾನ್‌ಗೆ ಮುಂಚೆ ಹೋದ ಡಾಕ್ಟರ್ ಭೇಟಿಯಲ್ಲೇ ಚೀಟಿಯ ಮೇಲೆ ಬರೆಸಿಕೊಂಡಿರಿ, ಹಬ್ಬದ ದಿನ ಕ್ಲಿನಿಕ್ಕುಗಳ ಬಾಗಿಲು ಹಾಕಿರುತ್ತದೆ.