ಕೊಳಕ್ಕೊಂದು ಕಿಂಡಿ

ಮೊದಲನೇ ಚಳಿಗಾಲದಲ್ಲಿ ನನ್ನ ಒಂಬತ್ತು ಕೋಯ್ ಮೀನುಗಳಲ್ಲಿ ಮೂರು ಸತ್ತವು. ಶಿಕಾಗೋ ಪಕ್ಕದ ಊರು ನಮ್ಮದು. ಹಿತ್ತಲಲ್ಲಿ ನಾನೇ ಅಗೆದ ಕೊಳ, ನಾಲ್ಕು ಅಡಿ ಆಳ.

ಅವತ್ತು ಬೆಳಿಗ್ಗೆ ಎದ್ದು ನೋಡಿದರೆ ಮೇಲೆಲ್ಲ ಐಸ್ ಕಟ್ಟಿತ್ತು. ಮೀನಿಗೆ ಉಸಿರು ಕಟ್ಟುತ್ತದೆ ಅಂತ ಗಾಬರಿಯಾಗಿ ಸುತ್ತಿಗೆಯಿಂದ ಒಡೆದೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಹೊಡೆತ ನೀರಿನೊಳಗೆ ನೇರವಾಗಿ ಮೀನಿಗೇ ತಟ್ಟುತ್ತದೆ. ಇನ್ನೊಂದು ತಪ್ಪೂ ಆಗಿತ್ತು. ಏರ್ ಪಂಪಿನ ಗಾಳಿಯನ್ನು ಗುಳ್ಳೆಯಾಗಿ ಬಿಡುವ ಕಲ್ಲನ್ನು ಕೊಳದ ತಳದಲ್ಲೇ ಬಿಟ್ಟಿದ್ದೆ. ನೀರು ಎಲ್ಲಕ್ಕಿಂತ ಭಾರವಾಗುವುದು 4 ಡಿಗ್ರಿಯಲ್ಲಿ. ಆ ನೀರು ತಳ ಸೇರುತ್ತದೆ, ಅದಕ್ಕಿಂತ ತಣ್ಣಗಿರುವುದು ಮೇಲೆ ನಿಂತು ಐಸ್ ಆಗುತ್ತದೆ. ಮೀನು ಚಳಿಗಾಲ ಕಳೆಯುವುದು ತಳದ ಆ ನೀರಲ್ಲೇ, ಹೆಚ್ಚು ಕದಲದೆ. ತಳದಿಂದ ಗುಳ್ಳೆ ಎಬ್ಬಿಸಿ ಅವುಗಳ ಬೆಚ್ಚನೆ ಜಾಗವನ್ನು ನಾನೇ ಕದಡಿಬಿಟ್ಟಿದ್ದೆ.

ಇಡೀ ಕೊಳ ಐಸ್ ಆಗದಂತೆ ತಡೆಯಬೇಕಾಗಿಯೇ ಇಲ್ಲ. ಊಟದ ತಟ್ಟೆಯಷ್ಟಗಲ ಒಂದು ಕಿಂಡಿ ತೆರೆದಿದ್ದರೆ ಸಾಕು. ತಳದಲ್ಲಿ ಕೊಳೆಯುವ ಕಸದ ಗ್ಯಾಸ್ ಅಲ್ಲಿಂದ ಹೊರಗೆ ಹೋಗುತ್ತದೆ.

ಈಗ ನನ್ನ ಕೆಲಸ ಅಕ್ಟೋಬರ್‌ನಲ್ಲೇ ಶುರು. ಮೇಪಲ್ ಎಲೆ ಉದುರುವ ಮೊದಲು ಕೊಳಕ್ಕೆ ಬಲೆ ಹಾಕುತ್ತೇನೆ. ನೀರು 10 ಡಿಗ್ರಿಗಿಂತ ಕೆಳಗಿಳಿದರೆ ಮೀನಿಗೆ ಊಟ ಬಂದ್, ಆ ಚಳಿಯಲ್ಲಿ ಅವಕ್ಕೆ ಅರಗುವುದಿಲ್ಲ. ಹಸಿದಿವೆಯೇನೋ ಅಂತ ಕರುಳು ಚುರುಕ್ ಅನ್ನುತ್ತದೆ, ಆದರೂ ಹಾಕುವುದಿಲ್ಲ. ಏರ್ ಕಲ್ಲನ್ನು ಎತ್ತಿ ಮೇಲಿನಿಂದ ಒಂದಡಿ ಆಳದಲ್ಲಿ ಕಟ್ಟುತ್ತೇನೆ. ಪಕ್ಕದಲ್ಲಿ 300 ವಾಟಿನ ತೇಲುವ ಡಿ-ಐಸರ್, ಅಂದರೆ ತನ್ನ ಸುತ್ತ ಐಸ್ ಕಟ್ಟದಂತೆ ನೋಡಿಕೊಳ್ಳುವ ಹೀಟರ್. ದಿನವಿಡೀ ಉರಿದರೂ ಏಳು ಯೂನಿಟ್ ಚಿಲ್ಲರೆ. 1500 ವಾಟಿನದಾದರೆ 36 ಯೂನಿಟ್, ಅಷ್ಟು ಯಾಕೆ ಬೇಕು? ಪ್ಲಗ್ ಮಾತ್ರ ಜಿಎಫ್‌ಸಿಐ ಇರುವುದೇ ಆಗಬೇಕು, ಅಂದರೆ ಕರೆಂಟ್ ಸೋರಿದರೆ ತಕ್ಷಣ ತಾನೇ ಆಫ್ ಆಗುವಂಥದ್ದು. ನೀರಿನ ಹತ್ತಿರ ಕರೆಂಟ್ ಅಲ್ವಾ.

2019ರ ಜನವರಿ 30ರಂದು ಶಿಕಾಗೋದಲ್ಲಿ ಮೈನಸ್ 31 ಡಿಗ್ರಿಗೆ ಇಳಿದಿತ್ತು. ಅವತ್ತೇ ನಮ್ಮ ಮನೆಯ ಕರೆಂಟ್ ಹೋಯಿತು. ಸ್ವಲ್ಪ ಹೊತ್ತಿಗೆಲ್ಲ ಕಿಂಡಿ ಮುಚ್ಚಿಕೊಂಡಿತು. ಗ್ಯಾಸ್ ಒಲೆಯನ್ನು ಬೆಂಕಿಕಡ್ಡಿಯಿಂದ ಹಚ್ಚಿ ನೀರು ಕುದಿಸಿದೆ. ಅಮ್ಮ ಊರಿಂದ ತಂದಿದ್ದ ದಪ್ಪ ತಳದ ಪಾತ್ರೆಗೆ ತುಂಬಿ, ಕಿವಿಗೆ ಹಗ್ಗ ಕಟ್ಟಿ, ಕಿಂಡಿ ಇದ್ದ ಜಾಗದ ಮೇಲೆ ಇಟ್ಟೆ. ಕುದಿನೀರನ್ನು ಕೊಳಕ್ಕೆ ಸುರಿಯಬಾರದು, ಪಾತ್ರೆಯ ಬಿಸಿಯೇ ಐಸ್ ಕರಗಿಸಬೇಕು. ಪಾತ್ರೆ ಸುತ್ತ ಮೊದಲು ಒಂದು ತೆಳು ನೀರಿನ ಉಂಗುರ ಕಾಣಿಸಿತು. ಆಮೇಲೆ ಪಾತ್ರೆ ಮೆಲ್ಲಗೆ ಕೆಳಗಿಳಿಯತೊಡಗಿತು. ನೀರು ಆರಿದಾಗ ಬದಲಿಸಿ ಮತ್ತೆ ಇಟ್ಟೆ. ಮೂರನೇ ಸಲಕ್ಕೆ ಐಸ್ ಬಿಟ್ಟಿತು.

ಹಗ್ಗ ಎಳೆದು ಪಾತ್ರೆ ತೆಗೆದೆ, ದಡದಲ್ಲಿ ಮಂಡಿಯೂರಿ ಟಾರ್ಚ್ ಬಿಟ್ಟೆ. ತಳದಲ್ಲಿ ಆರೂ ಮೀನು ಒತ್ತೊತ್ತಾಗಿ ಕೂತಿದ್ದವು. ಒಂದೂ ಕದಲಲಿಲ್ಲ. ನೋಡುತ್ತಲೇ ಇದ್ದೆ. ಸ್ವಲ್ಪ ಹೊತ್ತಾದ ಮೇಲೆ ಕೇಸರಿ ಮೀನಿನ ಕಿವಿರು ಒಮ್ಮೆ ತೆರೆದು, ಮುಚ್ಚಿತು.