ಹಳೆ ನುಡಿ ಫೈಲು, ಹಳೆ ಅಚ್ಚಿನ ಪುಟ: ಹುಡುಕಿದರೆ ಸಿಗುವಂತೆ ಮಾಡಿದ್ದು ಹೀಗೆ

ನಮ್ಮೂರಿನ ಸಾಹಿತ್ಯ ಸಂಘ ವರ್ಷಕ್ಕೊಂದು ಸ್ಮರಣ ಸಂಚಿಕೆ ತರುತ್ತದೆ. ತೀರಾ ಹಳೆಯವು ಅಚ್ಚುಮೊಳೆ ಜೋಡಿಸಿ ಮುದ್ರಿಸಿದವು, ಆಮೇಲಿನವು ಡಿಟಿಪಿ, ಅಂದರೆ ಕಂಪ್ಯೂಟರಲ್ಲಿ ಅಕ್ಷರ ಜೋಡಿಸಿದವು. ಯಾರ ಲೇಖನ ಯಾವ ವರ್ಷದ್ದರಲ್ಲಿದೆ ಅಂತ ಹುಡುಕಲು ಕಪಾಟೇ ಗತಿ. ಇದನ್ನೆಲ್ಲ ಕಂಪ್ಯೂಟರಲ್ಲಿ ಹುಡುಕುವ ಹಾಗೆ ಮಾಡೋಣ ಅಂತ ಕೈ ಹಾಕಿದೆ. ನಾನು ಓದಿದ್ದು ಬಿಕಾಂ, ಹೊಟ್ಟೆಪಾಡು ಲೆಕ್ಕಪತ್ರದ್ದು. ಪ್ರೋಗ್ರಾಮಿಂಗ್ ಸುಮ್ನೆ ಖುಷಿಗೆ. ಬಳಸಿದ ಉಪಕರಣಗಳಿಗೆಲ್ಲ ಒಂದು ಪೈಸೆ ಕೊಟ್ಟಿಲ್ಲ.

ಇಂಥ ಕೆಲಸ ಅಂದ ಕೂಡಲೇ ಎಲ್ಲರೂ 'ಓಸಿಆರ್ ಮಾಡಿಬಿಡಿ' ಅಂತಾರೆ, ಅಂದರೆ ಚಿತ್ರದಲ್ಲಿರುವ ಅಕ್ಷರಗಳನ್ನು ಕಂಪ್ಯೂಟರಿಂದಲೇ ಓದಿಸಿ ಪಠ್ಯ ಮಾಡಿಸೋದು. ನಿಲ್ಲಿ ಸ್ವಾಮಿ, ಮೊದಲು ಫೈಲ್ ಎಂಥದ್ದು ಅಂತ ನೋಡಿ. ಪಾಪ್ಲರ್ ಅನ್ನೋ ಉಪಕರಣಗಳ ಗುಂಪಿನಲ್ಲಿ ಪಿಡಿಎಫ್‌ಫಾಂಟ್ಸ್ ಅಂತ ಒಂದು ಚಿಕ್ಕ ಕಮಾಂಡ್ ಇದೆ. ಪಿಡಿಎಫ್ ಹೆಸರು ಕೊಟ್ಟರೆ ಒಳಗಿರುವ ಫಾಂಟುಗಳ ಪಟ್ಟಿ ಬರುತ್ತದೆ. ಪಟ್ಟಿ ಖಾಲಿ ಇದ್ದರೆ ಅದು ಬರೀ ಚಿತ್ರ, ಅದಕ್ಕೆ ಮಾತ್ರ ಓಸಿಆರ್ ಬೇಕು. 'ನುಡಿ 01 ಇ' ಥರದ ಹೆಸರು (ನುಡಿ ಅನ್ನೋ ಕನ್ನಡ ತಂತ್ರಾಂಶದ ಹಳೆ ಫಾಂಟು) ಕಂಡರೆ ಒಳಗೆ ಪಠ್ಯ ಇದೆ, ಆದರೆ ಅದು ಯುನಿಕೋಡ್ (ಎಲ್ಲ ಭಾಷೆಯ ಅಕ್ಷರಗಳಿಗೂ ತಮ್ಮದೇ ಸಂಕೇತ ಕೊಡುವ ಈಗಿನ ಪದ್ಧತಿ) ಅಲ್ಲ. ನಮ್ಮ ಡಿಟಿಪಿ ಸಂಚಿಕೆಗಳಲ್ಲಿ ಮುಕ್ಕಾಲು ಪಾಲು ಹೀಗೇ ಇದ್ದವು. ಇವನ್ನು ಓಸಿಆರ್‌ಗೆ ಹಾಕೋದು ಅಂದರೆ ಸರಿಯಾಗಿರುವ ಅಕ್ಷರಗಳನ್ನು ಚಿತ್ರ ಮಾಡಿ, ಮತ್ತೆ ತಪ್ಪುತಪ್ಪಾಗಿ ಓದಿಸಿಕೊಂಡ ಹಾಗೆ.

ಅದೇ ಗುಂಪಿನ ಪಿಡಿಎಫ್‌ಟುಟೆಕ್ಸ್ಟ್ ಪಠ್ಯವನ್ನು ಹೊರಗೆ ತೆಗೆದುಕೊಡುತ್ತದೆ. 'ಕರ್ನಾಟಕ' ಅಂತಿದ್ದ ಜಾಗದಲ್ಲಿ ನನಗೆ ಕಂಡದ್ದು ಇಂಗ್ಲಿಷಿನ ದೊಡ್ಡ ಪಿ, ತಲೆ ಮೇಲೆ ಗೆರೆಯಿರುವ ಎ, ಪೌಂಡ್ ಗುರುತು, ಬೇರೆ ದಿಕ್ಕಿಗೆ ಗೆರೆಯಿರುವ ಇನ್ನೊಂದು ಎ, ಯಾವುದೋ ಯುರೋಪಿನ ಅಕ್ಷರ, ಚಿಕ್ಕ ಎಲ್, ಮತ್ತೆ ಪಿ, ಮತ್ತೆ ಎ. ನೋಡಿದರೆ ಕಸ ಅನಿಸುತ್ತದೆ. ಅದಕ್ಕೂ ಲೆಕ್ಕ ಇದೆ. ಪಿ ಅನ್ನೋದು ತಲೆಕಟ್ಟಿಲ್ಲದ ಕ, ಪಕ್ಕದ ಎ ತಲೆಕಟ್ಟು. ಪೌಂಡ್ ಅಂದರೆ ನ ಕಾರದ ಮೈ, ಅದರ ಪಕ್ಕದ್ದು ದೀರ್ಘ. ಆ ಯುರೋಪಿನ ಅಕ್ಷರ ಅರ್ಕಾವತ್ತು. ಹಳೆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿ ಕೆಲಸ ಸಾಗಿಸಿದ್ದವು, ಅಷ್ಟೇ.

ಹಾಗಾದರೆ ಒಂದು ಪಟ್ಟಿ ಮಾಡಿ ಇದಕ್ಕೆ ಅದು ಅಂತ ಬದಲಿಸಿದರೆ ಆಯ್ತಲ್ವಾ? ಮುಕ್ಕಾಲು ಭಾಗ ಆಗುತ್ತದೆ. ತೊಡಕು ಅರ್ಕಾವತ್ತಿನದು. ಫಾಂಟಿನಲ್ಲಿ ಅದು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ 'ನಾ' ಮುಗಿದ ಮೇಲೆ ಕೂತಿರುತ್ತದೆ. ಯುನಿಕೋಡ್‌ಗೆ ಬೇಕಿರುವುದು ನಾವು ಉಚ್ಚರಿಸುವ ಕ್ರಮ: ಕ, ರ, ಹಲಂತದ ಚಿಹ್ನೆ, ನ, ದೀರ್ಘ, ಟ, ಕ. ಹಾಗಾಗಿ ಅರ್ಕಾವತ್ತು ಸಿಕ್ಕಾಗಲೆಲ್ಲ ಹಿಂದಿನ ಇಡೀ ಅಕ್ಷರವನ್ನು, ಅದರ ಒತ್ತು ಗುಣಿತದ ಸಮೇತ ದಾಟಿ ಹಿಂದಕ್ಕೆ ಹೋಗಿ ರ ಕಾರವನ್ನು ಇಡಬೇಕು. ಈ ಥರ ಬದಲಿಸುವ ಮುಕ್ತ ತಂತ್ರಾಂಶಗಳು ಪ್ರೋಗ್ರಾಮಿಂಗ್ ಭಾಷೆಯಾದ ಪೈಥಾನ್‌ನಲ್ಲೇ ಸಿಗುತ್ತವೆ. ಅಂಥದ್ದೊಂದನ್ನು ಇಳಿಸಿಕೊಂಡು ಸಾಲುಸಾಲಾಗಿ ಓದಿದೆ. ನಿಜ ಹೇಳಬೇಕೆಂದರೆ ನನಗೆ ಪೈಥಾನ್ ಕಲಿಸಿದ್ದು ಅದೇ. ಡಿಕ್ಷನರಿ ಅಂದರೇನು, ಲೂಪ್ ಯಾಕೆ, ಪಟ್ಟಿಯಲ್ಲಿ ಹಿಂದಕ್ಕೆ ನಡೆಯೋದು ಹೇಗೆ, ಎಲ್ಲಾ ಅಲ್ಲೇ ಇತ್ತು, ಅದೂ ನನಗೆ ಅರ್ಥ ಗೊತ್ತಿರುವ ಅಕ್ಷರಗಳ ಮೇಲೆ.

ಅದಕ್ಕೂ ಮುಂಚೆ ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ತೆರೆಯೋದು, ಫೋಲ್ಡರ್ ಬದಲಿಸೋದು ಇಷ್ಟಾದರೂ ಬರಬೇಕಲ್ಲ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಇದಕ್ಕೆ ಸಾಕು. ಒಂದೊಂದು ಪಾಠ ಹತ್ತು ನಿಮಿಷದ ಆಸುಪಾಸು, ಹಲವಕ್ಕೆ ಕನ್ನಡದ ಧ್ವನಿ ಇದೆ. ಪರದೆ ಮಾತ್ರ ಇಂಗ್ಲಿಷಿನದೇ. ಧ್ವನಿ ಸ್ವಲ್ಪ ಪಾಠ ಒಪ್ಪಿಸಿದ ಹಾಗೆ ಕೇಳಿಸುತ್ತದೆ, ಆದರೂ ವಿಡಿಯೋ ನಿಲ್ಲಿಸಿ ಪಕ್ಕದಲ್ಲಿ ತಾನೂ ಮಾಡುತ್ತಾ ಹೋಗುವವರಿಗೆ ಅದು ಸರಿಯಾದ ವೇಗ. ಕಮಾಂಡ್ ಮರೆತುಹೋದರೆ ಟಿಎಲ್‌ಡಿಆರ್ ಪುಟಗಳು. ಕಮಾಂಡಿನ ಉದ್ದನೆಯ ಕೈಪಿಡಿ, ಅಂದರೆ ಮ್ಯಾನ್ ಪುಟ, ಪೂರ್ತಿ ಓದುವ ತಾಳ್ಮೆ ನನಗಿಲ್ಲ, ಇದರಲ್ಲಿ ನಾಲ್ಕಾರು ಉದಾಹರಣೆ ಕೊಟ್ಟು ಮುಗಿಸುತ್ತಾರೆ.

ಇನ್ನು ಅಚ್ಚುಮೊಳೆಯ ಸಂಚಿಕೆಗಳು. ಇವಕ್ಕೆ ಓಸಿಆರ್ ಬಿಟ್ಟು ಬೇರೆ ದಾರಿಯಿಲ್ಲ. ಟೆಸರಾಕ್ಟ್ ಬಳಸಿದೆ. ಇದು 1980ರ ದಶಕದಲ್ಲಿ ಎಚ್‌ಪಿ ಕಂಪನಿಯೊಳಗೆ ಶುರುವಾಗಿ 2005ರಲ್ಲಿ ಮುಕ್ತವಾದ ತಂತ್ರಾಂಶ. 2018ರಲ್ಲಿ ಬಂದ ನಾಲ್ಕನೇ ಆವೃತ್ತಿ ನ್ಯೂರಲ್ ನೆಟ್‌ವರ್ಕ್ ಬಳಸಿ ಸಾಲುಸಾಲಾಗಿ ಓದಲು ಶುರು ಮಾಡಿತು. ಕನ್ನಡ ಓದಲು ಕಲಿಸಿಟ್ಟ ಫೈಲು, ಅಂದರೆ ಕನ್ನಡದ ಮಾದರಿ, ಬೇರೆಯಾಗಿ ಹಾಕಿಕೊಳ್ಳಬೇಕು. ಅದರಲ್ಲೂ 'ಫಾಸ್ಟ್' ಮತ್ತು 'ಬೆಸ್ಟ್' ಅಂತ ಎರಡಿವೆ. ನಿಧಾನವಾದರೂ ಬೆಸ್ಟ್ ಹಾಕಿ, ರಾತ್ರಿ ಓಡಿಸಿ ಮಲಗಿದರೆ ಆಯ್ತು.

ಆದರೆ ಫಲಿತಾಂಶ ಸುಧಾರಿಸುವುದು ಮಾದರಿಗಿಂತ ಜಾಸ್ತಿ ಪುಟ ಚೊಕ್ಕ ಮಾಡುವುದರಿಂದ. ಸ್ಕ್ಯಾನ್‌ಟೇಲರ್ ಅನ್ನೋದು ಇದಕ್ಕಂತಲೇ ಇರುವ ಉಪಕರಣ. ಎದುರುಬದುರಿನ ಎರಡು ಪುಟ ಬೇರೆ ಮಾಡುತ್ತದೆ, ಓರೆ ತಿದ್ದುತ್ತದೆ, ಅಂಚಿನ ಕಪ್ಪು ನೆರಳು ಕತ್ತರಿಸುತ್ತದೆ. ಸ್ಕ್ಯಾನ್ 300 ಡಿಪಿಐ (ಒಂದು ಇಂಚಿಗೆ 300 ಚುಕ್ಕಿ) ಇರಲಿ. ಅದಕ್ಕಿಂತ ಕಮ್ಮಿಯಾದರೆ ಮಹಾಪ್ರಾಣಗಳು ಹಾಳಾಗುತ್ತವೆ. ದ ಮತ್ತು ಧ ನಡುವಿನ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು ಮಾತ್ರ, ಶಾಯಿ ಕದಡಿದ ಹಳೆ ಪುಟದಲ್ಲಿ ಅದು ಮೊದಲೇ ಮುಚ್ಚಿಹೋಗಿರುತ್ತದೆ.

ಪಠ್ಯ ಕೈಗೆ ಬಂದ ಮೇಲೆ ಅಸಲಿ ಕೆಲಸ ಶುರು. ಕಣ್ಣಿಗೆ ಎಲ್ಲ ಸರಿಯಾಗಿ ಕಾಣುತ್ತಿದೆ, ಹುಡುಕಿದರೆ ಸಿಗುತ್ತಿಲ್ಲ. 'ಸಂಘ' ಅಂತ ಹುಡುಕಿದೆ, ಎದುರಿಗೇ ಇರುವ ಸಂಘ ಸಿಗಲಿಲ್ಲ. ಪೈಥಾನ್ ಜೊತೆಗೇ ಬರುವ ಯುನಿಕೋಡ್‌ಡೇಟಾ ಮಾಡ್ಯೂಲ್‌ಗೆ ಆ ಪದ ಕೊಟ್ಟು ಒಂದೊಂದು ಅಕ್ಷರದ ಹೆಸರು ಕೇಳಿದಾಗ ಗುಟ್ಟು ರಟ್ಟಾಯಿತು: ಎರಡನೆಯದು 'ಕನ್ನಡ ಸೈನ್ ಅನುಸ್ವಾರ' ಆಗಿರಬೇಕಿತ್ತು, ಅಲ್ಲಿದ್ದದ್ದು 'ಕನ್ನಡ ಡಿಜಿಟ್ ಜೀರೋ'. ಸೊನ್ನೆ! ಡಿಟಿಪಿಯವರೂ ಹೀಗೆ ಹೊಡೆದಿರುತ್ತಾರೆ, ಓಸಿಆರ್ ಕೂಡ ಹೀಗೇ ಓದುತ್ತದೆ. ಎಲ್ಲಾ ಸೊನ್ನೆಗಳನ್ನೂ ಅನುಸ್ವಾರ ಮಾಡಿಬಿಟ್ಟರೆ ೧೯೫೦ ಕೆಡುತ್ತದೆ. ಅದಕ್ಕೆ ಅಕ್ಷರಗಳ ವಿನ್ಯಾಸ ನೋಡಿ ಹುಡುಕಿ ಬದಲಿಸುವ ರೆಗ್ಯುಲರ್ ಎಕ್ಸ್‌ಪ್ರೆಷನ್‌ನಲ್ಲಿ ಹೀಗೆ ಬರೆದೆ: ಸೊನ್ನೆಯ ಹಿಂದೆ ಅಕ್ಷರವೋ ಸ್ವರಚಿಹ್ನೆಯೋ ಇದ್ದರೆ ಅದು ಅನುಸ್ವಾರ, ಅಂಕಿ ಇದ್ದರೆ ಸೊನ್ನೆಯೇ. ಅಂಕಿಯ ಬೆನ್ನಿಗೆ ಅನುಸ್ವಾರ ಬಂದಿದ್ದರೆ ಅದನ್ನೂ ಸೊನ್ನೆ ಮಾಡು. ಎರಡೇ ಸಾಲು, ಹುಡುಕಾಟದಲ್ಲಿ ಅತಿ ಹೆಚ್ಚು ವ್ಯತ್ಯಾಸ ತಂದದ್ದು ಅವೇ.

ಇನ್ನೊಂದು ಕಳ್ಳ 'ಕೊ'. ಇದರ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎ ಕಾರದ ಚಿಹ್ನೆ ಮತ್ತು ಊ ಕಾರದ ಚಿಹ್ನೆ ಅಂತ ಎರಡು ಸಂಕೇತವಾಗಿಯೂ ಇಡಬಹುದು. ಪರದೆ ಮೇಲೆ ತದ್ರೂಪ, ಕಂಪ್ಯೂಟರಿಗೆ ಬೇರೆ ಬೇರೆ. 'ಕೀ', 'ಕೋ' ಕೂಡ ಹೀಗೇ. ಅದೇ ಮಾಡ್ಯೂಲಿನ ನಾರ್ಮಲೈಸ್‌ಗೆ ಎನ್‌ಎಫ್‌ಸಿ ಅಂತ ಹೇಳಿದರೆ ಎಲ್ಲವೂ ಒಂದೇ ರೂಪಕ್ಕೆ ಬರುತ್ತವೆ. ಹುಡುಕುವ ಪದಕ್ಕೂ ಅದನ್ನೇ ಮಾಡಬೇಕು. ಅಂದಹಾಗೆ ಪೈಥಾನ್‌ಗೆ 'ಸ್ತ್ರೀ' ಪದದ ಉದ್ದ ಎಷ್ಟು ಅಂತ ಕೇಳಿ ನೋಡಿ, 6 ಅನ್ನುತ್ತದೆ: ಮೂರು ವ್ಯಂಜನ, ಎರಡು ಹಲಂತದ ಚಿಹ್ನೆ, ಒಂದು ಸ್ವರಚಿಹ್ನೆ.

ಉಳಿದ ತಪ್ಪುಗಳನ್ನು ಹಿಡಿಯಲು ನಿಘಂಟು ಬಳಸೋಣ ಅಂದುಕೊಂಡು 'ಅಲರ್' ಇಳಿಸಿಕೊಂಡೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು ಅದು, ಒಂದೂವರೆ ಲಕ್ಷ ಪದಗಳ ಇಡೀ ದತ್ತಾಂಶವೇ ಮುಕ್ತ ಪರವಾನಗಿಯಲ್ಲಿದೆ. ದೊಡ್ಡ ಉಪಕಾರ. ಆದರೆ ತಪ್ಪು ಹಿಡಿಯೋದಕ್ಕೆ ಅದನ್ನೊಂದೇ ನೆಚ್ಚಿಕೊಂಡರೆ ಆಗಲ್ಲ. ನಿಘಂಟಿನಲ್ಲಿ 'ಮನೆ' ಇರುತ್ತದೆ, ಪುಟದಲ್ಲಿ 'ಮನೆಯವರಿಗಾದರೂ' ಇರುತ್ತದೆ. ನನಗೆ ಒದಗಿದ್ದು ಇನ್ನೂ ಸರಳ ಉಪಾಯ. ಎಲ್ಲಾ ಸಂಚಿಕೆಗಳ ಪದಗಳನ್ನು ಎಣಿಸಿ, ಒಂದೇ ಒಂದು ಸಲ ಬಂದಿರುವವನ್ನು ಅಕಾರಾದಿಯಾಗಿ ಜೋಡಿಸಿ, ಕಣ್ಣಾಡಿಸುವುದು. 'ಸಾಹಿತ್ಯ' ಎಷ್ಟೋ ಸಲ ಬಂದಿರುತ್ತದೆ, 'ಸಾಹಿತ್ತ' ಒಂದೇ ಸಲ. ಕನ್ನಡ ಚೆನ್ನಾಗಿ ಬಲ್ಲ, ಕಂಪ್ಯೂಟರ್ ಮುಟ್ಟದ ನಿವೃತ್ತ ಮೇಷ್ಟ್ರೊಬ್ಬರಿಗೆ ಈ ಪಟ್ಟಿ ಪ್ರಿಂಟ್ ಹಾಕಿ ಕೊಟ್ಟೆ. ಕೆಂಪು ಪೆನ್ನು ಹಿಡಿದು ತಿದ್ದಿ ಕೊಟ್ಟರು.

ಕೊನೆಗೆ ಎಲ್ಲವನ್ನೂ ಒಂದೇ ಫೈಲಿನಲ್ಲಿ ಕೂರುವ ದತ್ತಸಂಚಯವಾದ ಎಸ್‌ಕ್ಯೂಲೈಟ್‌ಗೆ ತುಂಬಿದೆ. ಅದರ ಎಫ್‌ಟಿಎಸ್5 ಪೂರ್ಣಪಠ್ಯ ಹುಡುಕಾಟ ಸಣ್ಣ ಸಂಗ್ರಹಕ್ಕೆ ಧಾರಾಳ ಸಾಕು. ಒಂದು ಎಚ್ಚರ: ಪಠ್ಯವನ್ನು ಪದಗಳಾಗಿ ಒಡೆಯುವ ಅದರ ಮಾಮೂಲಿ ಟೋಕನೈಸರ್ ಅಕ್ಷರ ಮತ್ತು ಅಂಕಿಯನ್ನು ಮಾತ್ರ ಪದದ ಭಾಗ ಅಂತ ನೋಡುತ್ತದೆ, ನಮ್ಮ ಗುಣಿತದ ಚಿಹ್ನೆ ಬಂದ ಕಡೆ ಪದ ತುಂಡಾಗುತ್ತದೆ. ಟೇಬಲ್ ಮಾಡುವಾಗಲೇ ಕೆಟಗರೀಸ್ ಆಯ್ಕೆಗೆ ಎಂಎನ್, ಎಂಸಿ (ಗುಣಿತದ ಚಿಹ್ನೆಗಳಿಗೆ ಯುನಿಕೋಡ್ ಇಟ್ಟಿರುವ ವರ್ಗಗಳು) ಎರಡನ್ನೂ ಸೇರಿಸಿ. 'ಸಾಫ್ಟ್‌ವೇರ್' ಥರದ ಪದಗಳ ಒಳಗೆ ಅಡಗಿರುವ ಶೂನ್ಯ ಅಗಲದ ಚಿಹ್ನೆಯನ್ನು ಸೂಚಿಗೆ ಹಾಕುವ ಮುಂಚೆ ತೆಗೆದುಬಿಡಿ, ಮೂಲ ಪಠ್ಯದಲ್ಲಿ ಮಾತ್ರ ಇರಲಿ.

ಕೆಲವರು ಇದನ್ನೆಲ್ಲ ಅಂತರ್ಜಾಲದ ಮುಕ್ತ ಗ್ರಂಥಾಲಯವಾದ ವಿಕಿಸೋರ್ಸ್‌ಗೆ ಹಾಕಿ ಅಂದರು. ಆಸೆ ನನಗೂ ಇದೆ. ಆದರೆ ನಮ್ಮಲ್ಲಿ ಹಕ್ಕುಸ್ವಾಮ್ಯ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ, ಸ್ಮರಣ ಸಂಚಿಕೆಯಲ್ಲಿ ಒಂದೊಂದು ಲೇಖನಕ್ಕೂ ಒಬ್ಬೊಬ್ಬ ಲೇಖಕರು. ಸದ್ಯಕ್ಕೆ ಸಂಘದ ಕಂಪ್ಯೂಟರಲ್ಲೇ ಇದೆ. ಲೇಖಕರ ಮನೆಯವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ ಒಪ್ಪಿಗೆ ಪತ್ರ ಬರೆಸಿಕೊಳ್ಳುತ್ತಿದ್ದೇವೆ.