ಓಮ್ನಿಗೆ ಕಡಿಮೆ ಖರ್ಚಿನ ಕ್ಯಾರಿಯರ್: ನಾನು ಮಾಡಿದ ರೀತಿ

ಗಾಡಿಯ ಟಾಪಿನ ಮೇಲೆ ಸಾಮಾನು ಹೇರುವ ಕ್ಯಾರಿಯರನ್ನು ನಾನು ಗಟರಿಗೆ ಕೂರಿಸಿದ್ದೇನೆ; ಬಾಗಿಲುಗಳ ಮೇಲೆ ಮಳೆನೀರು ಹರಿಯುವ ಗಟರ್ ಇರುವ ಗಾಡಿಗೆ ಮಾತ್ರ ಈ ವಿಧಾನ. ಮಾರುತಿ ಓಮ್ನಿಗೂ ಅಂಬಾಸಿಡರಿಗೂ ಅದು ಇದೆ. ಈಗಿನ ಬಹುತೇಕ ಕಾರುಗಳಿಗೆ ಇಲ್ಲ. ಟಾಪಿಗೆ ತೂತು ಕೊರೆಯಬೇಕಿಲ್ಲ, ಗಾಡಿಯ ಮೈಗೆ ವೆಲ್ಡಿಂಗ್ ಇಲ್ಲ, ಬೇಡವಾದಾಗ ಅರ್ಧ ಗಂಟೆಯಲ್ಲಿ ಬಿಚ್ಚಿಡಬಹುದು. ಕಬ್ಬಿಣ, ವೆಲ್ಡಿಂಗ್, ಬಣ್ಣ ಎಲ್ಲ ಸೇರಿ ನನಗೆ ಎರಡು ಸಾವಿರ ರೂಪಾಯಿ ದಾಟಲಿಲ್ಲ.

ಬೇಕಾದ ಸಾಮಾನು ಇಷ್ಟೇ: 25×25 ಮಿ.ಮೀ.ನ, 1.6 ಮಿ.ಮೀ. ದಪ್ಪದ ಎಂ.ಎಸ್. (ಸಾದಾ ಕಬ್ಬಿಣದ) ಸ್ಕ್ವೇರ್ ಪೈಪು 20 ಅಡಿಯದು ಒಂದು (ತೂಕ ಸುಮಾರು 7 ಕೆ.ಜಿ.), 25×3 ಮಿ.ಮೀ.ನ ಕಬ್ಬಿಣದ ಪಟ್ಟಿ, ಕಾಲಿಗೆ (ಅಡ್ಡಪೈಪಿನ ತುದಿಯಿಂದ ಗಟರಿಗೆ ಇಳಿಯುವ ತುಂಡು) 5 ಮಿ.ಮೀ. ದಪ್ಪದ ಪಟ್ಟಿ, 8 ಮಿ.ಮೀ. ಬೋಲ್ಟು, ನೈಲಾಕ್ ನಟ್ಟು (ಅದುರಿದರೂ ಸಡಿಲವಾಗದಂತೆ ಒಳಗೆ ನೈಲಾನ್ ಬಳೆ ಇರುವುದು), ಪಂಕ್ಚರ್ ಅಂಗಡಿಯಿಂದ ಲಾರಿ ಟ್ಯೂಬಿನ ಒಂದು ತುಂಡು. ಜಿ.ಐ. (ಸತುವಿನ ಲೇಪದ) ಪೈಪು ತುಕ್ಕು ಹಿಡಿಯುವುದಿಲ್ಲವೆಂದು ಅದನ್ನು ತರಬೇಡಿ. ವೆಲ್ಡಿಂಗ್ ಮಾಡುವಾಗ ಅದರ ಸತುವಿನ ಹೊಗೆ ಒಳ್ಳೆಯದಲ್ಲ, ಮೇಲಾಗಿ ಬೆಸುಗೆ ಬಿದ್ದ ಜಾಗದಲ್ಲಿ ಲೇಪ ಸುಟ್ಟು ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ.

ಅಡ್ಡಪೈಪು ಮೂರು. ಅವನ್ನು ಎಲ್ಲೆಂದರಲ್ಲಿ ಇಡದೆ, ಆದಷ್ಟು ಟಾಪನ್ನು ಹೊರುವ ಬಾಡಿಯ ಕಂಬಗಳ ನೇರಕ್ಕೆ ಇಡಬೇಕು. ಪ್ರತಿ ಜಾಗದಲ್ಲೂ ಈ ಗಟರಿನಿಂದ ಆ ಗಟರಿಗೆ ಬೇರೆಬೇರೆಯಾಗಿ ಅಳೆಯಿರಿ, ಮುಂದೆ ಹಿಂದೆ ಒಂದೇ ಅಗಲ ಇದೆಯೆಂದು ನಂಬಬೇಡಿ. ಟಾಪಿನ ನಡು ಉಬ್ಬಿರುವುದರಿಂದ ಕಾಲಿನ ಎತ್ತರ ತಿಳಿಯಲು ಒಂದು ನೇರ ರೀಪರನ್ನು ಟಾಪಿನ ಮೇಲೆ ಅಡ್ಡಲಾಗಿ ಇಟ್ಟು, ಅದರ ತಳದಿಂದ ಗಟರಿನ ತಳದವರೆಗೆ ಅಳೆದು, ಒಂದೂವರೆ ಇಂಚು ಸೇರಿಸಿ. 20 ಕೆ.ಜಿ. ಭಾರ ನಡುಮಧ್ಯದಲ್ಲಿ ಬಿದ್ದರೆ ನಾಲ್ಕು ಅಡಿಯ ಈ ಪೈಪು ಎರಡೂವರೆ ಮಿಲಿಮೀಟರಷ್ಟೇ ಬಾಗುತ್ತದೆ. ಗಾಡಿ ಗುಂಡಿಗೆ ಬಿದ್ದಾಗ ಬಾಗುವುದು ಇನ್ನೂ ಜಾಸ್ತಿ, ಆ ಒಂದೂವರೆ ಇಂಚು ಇರುವುದು ಅದಕ್ಕೇ.

ಕ್ಯಾರಿಯರ್ ಕೆಡುವುದು ಮೇಲಿನ ಚೌಕಟ್ಟಿನಲ್ಲಲ್ಲ, ಕಾಲಿನಲ್ಲಿ. ಪೈಪನ್ನೇ ನೇರವಾಗಿ ಗಟರಿಗೆ ಇಳಿಸಿದರೆ ಅದು ಟಾಪಿನ ಬದಿಗೆ ಉಜ್ಜುತ್ತದೆ. ಹಾಗಾಗಿ ಕಾಲಿನ ಪೈಪಿನ ಹೊರಮೈಗೆ 3 ಇಂಚು ಉದ್ದದ, 5 ಮಿ.ಮೀ. ಪಟ್ಟಿ ಬೆಸೆದು, ಅದನ್ನು ಒಂದೂವರೆ ಇಂಚು ಕೆಳಗೆ ಬಿಟ್ಟೆ. ಗಟರಿನೊಳಗೆ ಕೂರುವುದು ಆ ಪಟ್ಟಿಯ ಅಂಚು. ಅದಕ್ಕೆ ಟ್ಯೂಬ್ ರಬ್ಬರನ್ನು ಮಡಚಿ ಹಾಕಿದರೆ ಬಣ್ಣ ಉಳಿಯುತ್ತದೆ, ನೀರೂ ಪಕ್ಕದಲ್ಲಿ ಹರಿದುಹೋಗುತ್ತದೆ. ಕಾಲು ನೆಟ್ಟಗಿರಬೇಕು, ಪೈಪು ಸೇರುವ ಮೂಲೆಗೆ ಒಂದು ತ್ರಿಕೋನ ತುಂಡು ಹಾಕಿಸಿ. ಕಾಲು ಓರೆಯಾದರೆ ಭಾರ ಗಟರನ್ನು ಹೊರಕ್ಕೆ ತಳ್ಳುತ್ತದೆ.

ಕಾಲನ್ನು ಗಟರಿಗೆ ಹಿಡಿದಿಡುವ ಕೊಕ್ಕೆ 25×3 ಪಟ್ಟಿಯದು. ಮೇಲಿನ ತುದಿ ಕಾಲಿಗೆ ಆನುತ್ತದೆ, ನಡುವೆ ಬೋಲ್ಟು, ಕೆಳತುದಿ ಒಳಕ್ಕೆ ಓರೆಯಾಗಿ ಬಾಗಿ ಗಟರಿನ ಅಂಚಿನ ಕೆಳಗೆ ಸೇರುತ್ತದೆ. ಬೋಲ್ಟು ಬಿಗಿದಂತೆ ಅಂಚನ್ನು ಕಚ್ಚಿ ಹಿಡಿಯುತ್ತದೆ. ಭಾರ ಹೊರುವುದು ಕಾಲಿನ ಕೆಲಸ. ಕೊಕ್ಕೆಗೆ ಮೇಲೆದ್ದು ಹೋಗದಂತೆ ತಡೆಯುವ ಕೆಲಸ ಮಾತ್ರ. ಇದು ಗೊತ್ತಿಲ್ಲದೆ ಉದ್ದ ಸ್ಪ್ಯಾನರ್ ಹಾಕಿ ಬಿಗಿಯುವವರೇ ಹೆಚ್ಚು. ಆಗ ಗಟರಿನ ತಗಡು ಮಡಚಿ, ಬಣ್ಣ ಬಿರುಕು ಬಿಟ್ಟು, ಎರಡನೇ ಮಳೆಗಾಲಕ್ಕೆ ತುಕ್ಕಿನ ನೀರು ಒಳಗಿಳಿಯುತ್ತದೆ.

ಕೊಕ್ಕೆ ಬಾಗಿಲಿಗೆ ತಾಗಬಾರದು. ಗಟರಿನ ಕೆಳಗೆ ಎಷ್ಟು ಸಂದು ಇದೆಯೆಂದು ತಿಳಿಯಲು ಚಪಾತಿ ಹಿಟ್ಟಿನ ಸಣ್ಣ ಉಂಡೆಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಅಲ್ಲಿ ಅಂಟಿಸಿ, ಬಾಗಿಲು ಹಾಕಿ ತೆಗೆಯಿರಿ. ಚಪ್ಪಟೆಯಾದ ಹಿಟ್ಟಿನ ದಪ್ಪವೇ ನಿಮಗಿರುವ ಜಾಗ. ಜಾರುವ ಬಾಗಿಲನ್ನೂ ಪೂರ್ತಿ ಎಳೆದು ನೋಡಿ.

ವೆಲ್ಡಿಂಗ್, ಗ್ರೈಂಡಿಂಗ್ ಕಾರಿನ ಹತ್ತಿರ ಬೇಡವೇ ಬೇಡ. ಕಿಡಿಗಳು ಗಾಜಿಗೂ ಬಣ್ಣಕ್ಕೂ ಕಚ್ಚಿಕೊಳ್ಳುತ್ತವೆ. ಮಳೆ ಬಿದ್ದ ಮೇಲೆ ಗಾಡಿ ತುಂಬ ಕಂದು ಚುಕ್ಕಿ. ರಟ್ಟಿನಲ್ಲಿ ಗಟರಿನ ಆಕಾರ ಕತ್ತರಿಸಿಕೊಂಡು ಅಂಗಡಿಗೆ ಒಯ್ದರೆ ಸಾಕು. ಅಡ್ಡಪೈಪುಗಳನ್ನು ಜೋಡಿಸುವ ಉದ್ದಪಟ್ಟಿ ಎರಡನ್ನು ವೆಲ್ಡ್ ಮಾಡಿಸದೆ ಬೋಲ್ಟಿನಲ್ಲಿ ಕೂರಿಸಿ, ಬಿಚ್ಚಿದಾಗ ಮನೆಯ ಬಾಗಿಲ ಹಿಂದೆ ಹಿಡಿಸುತ್ತದೆ. ಪೈಪಿನ ಬಾಯಿ ಮುಚ್ಚಿಸಿ, ತುಕ್ಕು ತಡೆಯಲು ಒಂದು ಕೋಟ್ ರೆಡ್ ಆಕ್ಸೈಡ್, ಎರಡು ಕೋಟ್ ಎನಾಮಲ್.

ಬರಿಯ ಚೌಕ ಪೈಪು ವೇಗ ಹೆಚ್ಚಿದಾಗ ಗುಂಯ್‌ಗುಡುತ್ತದೆ. ಮುಂದಿನ ಪೈಪಿಗೆ ತೆಂಗಿನ ನಾರಿನ ಹಗ್ಗವನ್ನು ಬಳ್ಳಿಯಂತೆ ದೂರದೂರ ಸುತ್ತಿ, ಸದ್ದು ಬಹಳ ಇಳಿಯುತ್ತದೆ. ಮೊದಲ ಮೂವತ್ತು ಕಿ.ಮೀ. ಓಡಿಸಿದ ಮೇಲೆ ರಬ್ಬರ್ ಕೂತಿರುತ್ತದೆ, ಬೋಲ್ಟುಗಳನ್ನು ಮತ್ತೆ ನೋಡಿಕೊಳ್ಳಿ.

ಕ್ಯಾರಿಯರಿನ ತೂಕವೂ ಸೇರಿ ನಾನು 50 ಕೆ.ಜಿ. ದಾಟಿಸುವುದಿಲ್ಲ. ಓಮ್ನಿ ಎತ್ತರದ, ಕಿರಿದಾದ ಗಾಡಿ. ಚಾರ್ಮಾಡಿಯಂಥ ಘಾಟಿಯ ತಿರುವಿನಲ್ಲಿ ಮೇಲಿನ ಭಾರ ಅದನ್ನು ವಾಲಿಸುತ್ತದೆ. ಅಕ್ಕಿ ಮೂಟೆ ಒಳಗೆ, ಹಾಸಿಗೆ ಮೇಲೆ. ಅತಿ ಮೋಸದ ಸಾಮಾನು 8×4 ಅಡಿಯ ಪ್ಲೈವುಡ್. 18 ಮಿ.ಮೀ. ಹಾಳೆ 30 ಕೆ.ಜಿ. ಆಸುಪಾಸು ತೂಗುತ್ತದೆ, ಆದರೆ 80 ಕಿ.ಮೀ. ವೇಗದಲ್ಲಿ ಎದುರುಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 30 ಕೆ.ಜಿ.; ಹಾಳೆಯ ವಿಸ್ತಾರ ಹೆಚ್ಚುಕಡಿಮೆ ಮೂರು ಚದರ ಮೀಟರ್. ಮೂತಿ ಒಂದಿಷ್ಟು ಎದ್ದರೂ ಗಾಳಿ ಹಾಳೆಯನ್ನು ಎತ್ತಿಬಿಡುತ್ತದೆ. 40ರಲ್ಲಿ ಅದೇ ಒತ್ತಡ ಕಾಲುಭಾಗ. ಹಾಗಾಗಿ ಪ್ಲೈ ಇದ್ದಾಗ 40 ದಾಟಬಾರದು, ಕ್ಯಾರಿಯರಿಗೆ ಕಟ್ಟಿದ್ದಲ್ಲದೆ ಕೆಟ್ಟಾಗ ಗಾಡಿಯನ್ನು ಎಳೆಯಲು ಮುಂದೆ ಹಿಂದೆ ಇರುವ ಕೊಂಡಿಗಳಿಗೂ ಹಗ್ಗ ಬಿಗಿಯಬೇಕು. ನೈಲಾನ್ ಹಗ್ಗ ನೆನೆದರೆ ಹಿಗ್ಗುತ್ತದೆ, ಮಳೆಯಲ್ಲಿ ಹಿಡಿ ಆಡಿಸಿ ಬಿಗಿಯುವ ರಾಟ್ಚೆಟ್ ಬೆಲ್ಟೇ ವಾಸಿ.